ಪೋಕರ್ ಕಲಿಯೋಕೆ ಯಾವ ದಾರಿ: ಆ್ಯಪೋ, ಜಮಖಾನವೋ, ಕ್ಯಾಸಿನೊವೋ?

ಬಲಿಪಾಡ್ಯಮಿ ರಾತ್ರಿ ಊಟ ಮುಗಿದು ನಡುಮನೆಯಲ್ಲಿ ಜಮಖಾನ ಹಾಸಿದರೆ ನಮ್ಮಲ್ಲಿ ಇಸ್ಪೀಟು ಶುರು ಅಂತ ಅರ್ಥ. ದೊಡ್ಡವರಿಗೆ ರಮ್ಮಿ, ಇಪ್ಪತ್ತೆಂಟು. ಮಕ್ಕಳಿಗೆ ಕತ್ತೆ. ದುಡ್ಡು ಇಡೋದಿಲ್ಲ, ಅಮ್ಮನ ಡಬ್ಬಿಯಲ್ಲಿರುವ ಹುಣಸೆ ಬೀಜವೇ ದುಡ್ಡು. ಮೂರು ವರ್ಷದ ಕೆಳಗೆ ಅಕ್ಕನ ಮಗ ಹಾಸ್ಟೆಲಿನಲ್ಲಿ ಪೋಕರ್ ಕಲಿತು ಬಂದ. "ಮಾಮ, ಇದೊಂದು ಆಡಿ ನೋಡಿ" ಅಂದ. ಇಪ್ಪತ್ತು ವರ್ಷದಿಂದ ರಮ್ಮಿ ಆಡುವ ನನಗೆ ಇದ್ಯಾವ ಮಹಾ ಆಟ ಅನಿಸಿತು. ಮುಕ್ಕಾಲು ಗಂಟೆಯಲ್ಲಿ ನನ್ನ ನೂರು ಬೀಜ ಖಾಲಿ. ಗೆದ್ದಿದ್ದು ಕಲಿಸಿದ ಹುಡುಗನೂ ಅಲ್ಲ, ನಮ್ಮಮ್ಮ.

ಹೇಗೆ ಗೆದ್ದೆ ಅಂತ ಕೇಳಿದರೆ ಅಮ್ಮ ಹೇಳಿದ್ದು ಇಷ್ಟೇ: "ಕೆಟ್ಟ ಎಲೆ ಬಂದ್ರೆ ಸ್ಕೂಟ್ ಹೊಡೀಬೇಕು ತಾನೇ? ನೀವೆಲ್ಲಾ ಯಾಕೆ ಹಾಗೇ ಕೂತಿರ್ತೀರಿ?"

ರಮ್ಮಿ ಆಡುವವರಿಗೆ ಗೊತ್ತು. 101ರ ಆಟದಲ್ಲಿ ಮೊದಲೇ ಸ್ಕೂಟ್ ಹೊಡೆದರೆ, ಅಂದರೆ ಆಡದೆ ಎಲೆ ಬಿಟ್ಟರೆ, ದಂಡದ ಅಂಕ 20, ಮಧ್ಯದಲ್ಲಿ ಬಿಟ್ಟರೆ 40, ಆಸೆಪಟ್ಟು ಕೊನೇವರೆಗೂ ಕೂತು ಸೋತರೆ 80ರವರೆಗೂ ಹೋಗುತ್ತೆ. ಪೋಕರಿನಲ್ಲೂ ಹೊಸಬರು ಹಾಳಾಗೋದು ಇಲ್ಲೇ. ಬ್ಲಫ್ (ಕೆಟ್ಟ ಎಲೆ ಇದ್ದರೂ ಒಳ್ಳೆಯದಿರುವ ಹಾಗೆ ನಟಿಸೋದು) ಮಾಡೋಕೆ ಬರಲ್ಲ, ಎದುರಿನವರ ಮುಖ ಓದೋಕೆ ಬರಲ್ಲ ಅಂತ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಅದೆಲ್ಲ ಆಮೇಲೆ. ಮೊದಲು ಎಲೆ ಬಿಡೋಕೆ ಬರಬೇಕು. ಹಾಗಾಗಿ ಕೆಳಗೆ ಯಾವ ದಾರಿಯನ್ನು ತೂಗುವಾಗಲೂ ನನ್ನ ತಕ್ಕಡಿ ಒಂದೇ: ಇದು ಎಲೆ ಬಿಡೋದನ್ನು ಕಲಿಸುತ್ತಾ, ಇಲ್ವಾ?

ಯಾವ ಪೋಕರ್?

ಪೋಕರ್ ಅಂದರೆ ಒಂದೇ ಆಟ ಅಲ್ಲ, ಒಂದು ಕುಟುಂಬ. ಹೊಸಬರ ಮುಂದೆ ಸಾಮಾನ್ಯವಾಗಿ ಬರೋದು ಎರಡು: ಟೆಕ್ಸಸ್ ಹೋಲ್ಡೆಮ್ ಮತ್ತು ಒಮಾಹ.

ಹೋಲ್ಡೆಮ್‌ನಲ್ಲಿ ನಿಮ್ಮ ಕೈಗೆ ಎರಡು ಎಲೆ. ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ಎಲೆ. ಅವು ಒಟ್ಟಿಗೆ ಬರಲ್ಲ. ಮೊದಲು ಮೂರು, ಅದಕ್ಕೆ ಫ್ಲಾಪ್ ಅಂತಾರೆ. ಆಮೇಲೆ ಒಂದು, ಟರ್ನ್. ಕೊನೆಗೆ ಇನ್ನೊಂದು, ರಿವರ್. ಎಲೆ ಹಂಚಿದ ಮೇಲೆ ಒಂದು ಸುತ್ತು, ಈ ಮೂರರ ನಂತರ ಒಂದೊಂದು ಸುತ್ತು, ಹೀಗೆ ನಾಲ್ಕು ಸಲ ಬೀಜ ಹಾಕುವ ಅವಕಾಶ. ಏಳು ಎಲೆಯಲ್ಲಿ ಒಳ್ಳೆಯ ಐದನ್ನು ಜೋಡಿಸಿ ತೋರಿಸಿದವರು ಗೆದ್ದರು. ಇಲ್ಲವೇ ಉಳಿದವರೆಲ್ಲ ಎಲೆ ಬಿಟ್ಟರೆ ತೋರಿಸದೆಯೂ ಗೆದ್ದರು.

ಒಮಾಹದಲ್ಲಿ ಕೈಗೆ ನಾಲ್ಕು ಎಲೆ. ಆದರೆ ಅದರಲ್ಲಿ ಸರಿಯಾಗಿ ಎರಡನ್ನೇ, ಮಧ್ಯದ್ದರಲ್ಲಿ ಮೂರನ್ನೇ ಸೇರಿಸಬೇಕು. ಕೈಯಲ್ಲಿ ನಾಲ್ಕು ಎಕ್ಕ ಬಂದರೆ ಹೋಲ್ಡೆಮ್ ಅಭ್ಯಾಸದವರು ಕುಣಿದಾಡುತ್ತಾರೆ. ಒಮಾಹದಲ್ಲಿ ಅದು ದಂಡ. ಎರಡೇ ಲೆಕ್ಕಕ್ಕೆ, ಇನ್ನೆರಡು ಎಕ್ಕ ಬರುವ ದಾರಿಯೂ ಮುಚ್ಚಿತು.

ನನ್ನ ತಕ್ಕಡಿಯಲ್ಲಿ ಹೋಲ್ಡೆಮ್ ಮೇಲು. ಎರಡೇ ಎಲೆ ಇರೋದರಿಂದ ಇದು ಕಸವಾ ಅಲ್ವಾ ಅಂತ ಬೇಗ ತೀರ್ಮಾನಿಸಬಹುದು. 52 ಎಲೆಯ ಕಟ್ಟಿನಿಂದ ಎರಡೆರಡು ಎಲೆ 1,326 ರೀತಿಯಲ್ಲಿ ಬರಬಹುದು. ಅದರಲ್ಲಿ ಎಕ್ಕದ ಜೋಡಿ ಆರೇ ಆರು, ಅಂದರೆ 221 ಸಲಕ್ಕೊಮ್ಮೆ. ಯಾವುದೋ ಒಂದು ಜೋಡಿ ಬರೋದು 17 ಸಲಕ್ಕೊಮ್ಮೆ. ಮಿಕ್ಕಿದ್ದರಲ್ಲಿ ಬಹುಪಾಲು ಬಿಡೋಕೇ ಇರೋದು. ಏಳೆಂಟು ಜನ ಕೂತಿದ್ದರೆ ಹೊಸಬರು ಹತ್ತರಲ್ಲಿ ಎಂಟು ಸಲ ಬಿಟ್ಟರೂ ತಪ್ಪಿಲ್ಲ. ಒಮಾಹದಲ್ಲಿ ನಾಲ್ಕು ಎಲೆ ನೋಡಿದಾಗ ಏನೋ ಒಂದು ಕೂಡುತ್ತೆ ಅನಿಸುತ್ತಲೇ ಇರುತ್ತೆ. ಬಿಡೋಕೆ ಮನಸ್ಸೇ ಬರಲ್ಲ.

ಮೂರೆಲೆ, ಅದೇ ತೀನ್ ಪತ್ತಿ, ಆಡಿ ಬಂದವರಿಗೆ ಇಲ್ಲಿ ಒಂದು ಎಚ್ಚರಿಕೆ. ಮೂರೆಲೆಯಲ್ಲಿ ಸಾಲು (5, 6, 7ರ ಹಾಗೆ ಒಂದರ ಹಿಂದೊಂದು) ದೊಡ್ಡದು, ಒಂದೇ ಬಣ್ಣ (ಎಲ್ಲವೂ ಆಠೀನ್ ಅಥವಾ ಎಲ್ಲವೂ ಕಳಾವರ್, ಹೀಗೆ) ಚಿಕ್ಕದು. ಪೋಕರಿನಲ್ಲಿ ಉಲ್ಟಾ, ಬಣ್ಣವೇ ಸಾಲನ್ನು ಹೊಡೆಯುತ್ತೆ. ಇದು ಯಾರೋ ಸುಮ್ನೆ ಮಾಡಿದ ನಿಯಮ ಅಲ್ಲ. ಮೂರು ಎಲೆಯಲ್ಲಿ ಬರೀ ಸಾಲು 720 ರೀತಿಯಲ್ಲಿ ಬರುತ್ತೆ, ಬರೀ ಬಣ್ಣ 1,096 ರೀತಿಯಲ್ಲಿ. ಐದು ಎಲೆಗೆ ಬಂದರೆ ಸಾಲು 10,200, ಬಣ್ಣ 5,108. ಕಡಿಮೆ ಬರುವುದಕ್ಕೆ ಬೆಲೆ ಜಾಸ್ತಿ. ನಮ್ಮ ಭಾವ ಇದನ್ನು ಮರೆತು ಸಾಲು ಹಿಡಿದುಕೊಂಡು ಇದ್ದಬದ್ದ ಬೀಜವೆಲ್ಲ ಮುಂದೆ ತಳ್ಳಿದರು. ಎದುರಿಗಿದ್ದ ಐದು ಕಳಾವರ್ ಎಲೆ ನೋಡಿ, "ಇದು ಮೋಸ" ಅಂತ ಎದ್ದು ಕಾಫಿಗೆ ಹೋದರು.

ಇನ್ನೊಂದು ಆಯ್ಕೆಯೂ ಇದೆ: ಮಿತಿ ಇರುವ ಆಟ, ಮಿತಿ ಇಲ್ಲದ ಆಟ. ಮಿತಿ ಇದ್ದರೆ ಒಂದು ಸಲಕ್ಕೆ ಇಷ್ಟೇ ಹಾಕಬೇಕು ಅಂತ ಇರುತ್ತೆ. ಇಲ್ಲದಿದ್ದರೆ ಯಾವಾಗ ಬೇಕಾದರೂ ಎಲ್ಲವನ್ನೂ ತಳ್ಳಬಹುದು. ಮಿತಿ ಇಟ್ಟರೆ ಮೊದಲ ನಾಲ್ಕು ದಿನ ಬೀಜ ಉಳಿಯುತ್ತೆ, ನಿಜ. ಆದರೆ "ಇಷ್ಟೇ ತಾನೇ, ನೋಡೇಬಿಡೋಣ" ಅನ್ನುವ ಚಟವೂ ಹತ್ತುತ್ತೆ. ನಾನು ಮಿತಿ ಇಲ್ಲದ್ದನ್ನೇ ಆಡಿ ಅನ್ನುತ್ತೇನೆ.

ಎಲ್ಲಿ ಆಡಿ ಕಲಿಯೋದು?

ಉಚಿತ ಆ್ಯಪ್ ಕೈಗೆ ಮೊದಲು ಸಿಗೋದು. ಡೌನ್‌ಲೋಡ್ ಮಾಡಿದ ಕೂಡಲೇ ಲಕ್ಷಗಟ್ಟಲೆ ಸುಳ್ಳು ಚಿಪ್ಸ್ ಕೊಟ್ಟು ಕೂರಿಸುತ್ತೆ. ಒಂದು ವಾರಕ್ಕೆ ಇದು ಒಳ್ಳೆಯದೇ. ಯಾರ ನಂತರ ಯಾರು, ಯಾವುದು ಯಾವುದನ್ನು ಹೊಡೆಯುತ್ತೆ, ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕುವ ಚಿಕ್ಕ, ದೊಡ್ಡ ಪಂತ) ಅಂದರೇನು ಅನ್ನೋದೆಲ್ಲ ಬಾಯಿಪಾಠ ಆಗಿಬಿಡುತ್ತೆ. ಮನೆಯಲ್ಲಿ ಗಂಟೆಗೆ ಹದಿನೈದಿಪ್ಪತ್ತು ಕೈ ಆಡಿದರೆ ಹೆಚ್ಚು. ಆ್ಯಪಿನಲ್ಲಿ ಅರವತ್ತರ ಮೇಲೆ ಹೋಗುತ್ತೆ. ಎಲೆ ಕಲೆಸಿ ಹಂಚುವ ಕೆಲಸವೇ ಇಲ್ಲ.

ಎರಡನೇ ವಾರಕ್ಕೆ ಬೇರೆ ಗುಣ ಕಾಣುತ್ತೆ. ಅಲ್ಲಿ ಯಾರೂ ಎಲೆ ಬಿಡಲ್ಲ. ಯಾಕೆ ಬಿಡಬೇಕು? ಸೋತರೆ ನಾಲ್ಕು ಗಂಟೆ ಕಳೆದ ಮೇಲೆ ಮತ್ತೆ ಪುಕ್ಕಟೆ ಚಿಪ್ಸ್ ಬರುತ್ತೆ. ಮೊದಲ ಕೈಯಲ್ಲೇ ಐದು ಜನ ಎಲ್ಲವನ್ನೂ ತಳ್ಳಿ ಕೂರುತ್ತಾರೆ. ಅಲ್ಲಿ ಬ್ಲಫ್ ಮಾಡಿದರೆ ಕಲ್ಲಿಗೆ ಕತೆ ಹೇಳಿದ ಹಾಗೆ. ನಾನು ಎರಡು ತಿಂಗಳು ಆ್ಯಪಿನಲ್ಲಿ ಕೋಟ್ಯಧಿಪತಿ ಆಗಿದ್ದೆ. ಅದೇ ಕೈಚಳಕ ಜಮಖಾನಕ್ಕೆ ತಂದರೆ ಅಮ್ಮ ಅರ್ಧ ಗಂಟೆಯಲ್ಲಿ ಬೋಳಿಸಿ ಕೂರಿಸಿದರು. ಇನ್ನೊಂದು ಮಾತು: ಆ ಸುಳ್ಳು ಚಿಪ್ಸನ್ನು ನಿಜವಾದ ದುಡ್ಡಿಗೆ ಮಾರುವ ಬಟನ್ ಅಲ್ಲೇ ಮಿನುಗುತ್ತಿರುತ್ತೆ. ಅದನ್ನು ಒತ್ತಿದ ದಿನ ಆ್ಯಪ್ ತೆಗೆದುಹಾಕಿ. ವಾಪಸ್ ದುಡ್ಡಾಗದ ಚಿಪ್ಸಿಗೆ ದುಡ್ಡು ಕೊಡೋದು ಅಂದರೆ ಏನು ಹೇಳೋಣ.

ಇನ್ನು ದುಡ್ಡಿನ ಆನ್‌ಲೈನ್ ಪೋಕರ್. ಕರ್ನಾಟಕದಲ್ಲಿ ಇದರ ಕತೆ ಉದ್ದ. 2013ರಲ್ಲಿ ನಮ್ಮ ಹೈಕೋರ್ಟು, ಚಾತುರ್ಯದ ಆಟವಾಗಿ ಪೋಕರ್ ಆಡಿಸಲು ಲೈಸೆನ್ಸ್ ಬೇಡ ಅಂತ ಹೇಳಿತು. 2017ರಲ್ಲಿ ಗುಜರಾತ್ ಹೈಕೋರ್ಟು ಇದು ಜೂಜೇ ಅಂದಿತು. 2021ರಲ್ಲಿ ನಮ್ಮ ಸರ್ಕಾರ ದುಡ್ಡಿಟ್ಟು ಆಡುವ ಆನ್‌ಲೈನ್ ಆಟ ನಿಲ್ಲಿಸಲು ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಭಾಗವನ್ನು ಹೊಡೆದುಹಾಕಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಕಾನೂನು ಮಾಡಿತು. ಚಾತುರ್ಯವೋ ಅದೃಷ್ಟವೋ ಅನ್ನುವ ವಾದವನ್ನೇ ಬದಿಗಿಟ್ಟು, ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಕ್ಕೆಲ್ಲ ನಿಷೇಧ. ಆಡಿಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಟ್ಟಿಲ್ಲ.

ಶಿಕ್ಷೆ ಇಲ್ವಲ್ಲ ಅಂತ ಟೆಲಿಗ್ರಾಮಿನಲ್ಲಿ ಬರುವ ಯಾವುದೋ ಲಿಂಕ್ ಒತ್ತಬೇಡಿ. ಗೆದ್ದ ದುಡ್ಡು ಕೊಡದಿದ್ದರೆ ದೂರು ಯಾರಿಗೆ ಕೊಡುತ್ತೀರಿ? ಹೊಸಬರಿಗೆ ಈ ದಾರಿ ಮುಚ್ಚಿದ್ದರಿಂದ ನಷ್ಟ ಏನೂ ಆಗಿಲ್ಲ ಅನ್ನೋದು ನನ್ನ ಅಭಿಪ್ರಾಯ. ರಾತ್ರಿ ಹನ್ನೆರಡಕ್ಕೆ ಒಬ್ಬರೇ ಕೂತು, ಸೋತದ್ದನ್ನು ವಾಪಸ್ ತೆಗೆಯೋಕೆ ಇನ್ನೊಂದು ಸಾವಿರ ಹಾಕುವಾಗ "ಸಾಕು ಎದ್ದೇಳೋ" ಅನ್ನೋಕೆ ಪಕ್ಕದಲ್ಲಿ ಯಾರೂ ಇರಲ್ಲ.

ಕ್ಯಾಸಿನೊ ಮಾತು ಬಂದರೆ ಗೋವಾ. ಪಣಜಿಯ ಮಾಂಡೋವಿ ನದಿಯ ಹಡಗುಗಳಲ್ಲಿ ಪೋಕರ್ ಮೇಜುಗಳಿವೆ. ಹುಬ್ಬಳ್ಳಿ, ಬೆಳಗಾವಿ ಕಡೆಯವರಿಗೆ ಅದು ಒಂದು ರಾತ್ರಿಯ ದಾರಿಯೂ ಅಲ್ಲ. ಅಮೆರಿಕದಲ್ಲಿರುವ ನಮ್ಮವರಿಗೆ ಊರಿನ ಹತ್ತಿರವೇ ಕಾರ್ಡ್ ರೂಮ್ ಇರಬಹುದು. ಅಲ್ಲಿ ಒಳ್ಳೆಯ ಸಂಗತಿ ಒಂದಿದೆ. ದುಡ್ಡು ನಿಜವಾದ್ದರಿಂದ ಜನ ಯೋಚಿಸಿ ಎಲೆ ಬಿಡುತ್ತಾರೆ, ನೀವೂ ಬಿಡುತ್ತೀರಿ. ಕೆಟ್ಟದ್ದು ರೇಕ್. ಅಂದರೆ ಗೆದ್ದ ಪ್ರತಿ ಗುಡ್ಡೆಯಿಂದ (ಮಧ್ಯದಲ್ಲಿ ಸೇರಿದ ದುಡ್ಡಿನಿಂದ) ಕ್ಯಾಸಿನೊದವರು ತೆಗೆದುಕೊಳ್ಳುವ ಪಾಲು. ಸರಿಸಮ ಆಟಗಾರರು ಒಂಬತ್ತು ಜನ ಬೆಳಗಿನವರೆಗೆ ಆಡಿದರೆ ಒಂಬತ್ತೂ ಜನ ಸೋತು ಏಳಬಹುದು. ಕಲಿಯೋಕೆ ಅಲ್ಲಿಗೆ ಹೋಗೋದು ಅಂದರೆ ಈಜು ಕಲಿಯೋಕೆ ಮಳೆಗಾಲದ ಹೊಳೆಗೆ ಇಳಿದ ಹಾಗೆ. ಒಂದು ವರ್ಷ ಆಡಿದ ಮೇಲೆ, ಕಳೆದರೂ ನಿದ್ದೆ ಕೆಡದಷ್ಟು ದುಡ್ಡು ಜೇಬಿನಲ್ಲಿಟ್ಟುಕೊಂಡು, ಎಟಿಎಂ ಕಾರ್ಡು ರೂಮಿನಲ್ಲಿ ಬಿಟ್ಟು ಹೋಗಿ ನೋಡಿ ಬನ್ನಿ.

ಜಮಖಾನವೇ ಯಾಕೆ ಮೇಲು

ಮನೆಯಲ್ಲಿ ಆಡುವಾಗ ಬೀಜಕ್ಕೆ ಬೆಲೆ ಇಲ್ಲ, ಹಾಗಾದರೆ ಅದೂ ಆ್ಯಪಿನ ಹಾಗೇ ಅಲ್ವಾ ಅಂತ ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ವ್ಯತ್ಯಾಸ ಇದೆ. ಕೊಟ್ಟ ಬೀಜ ಮುಗಿದರೆ ಮತ್ತೆ ಕೊಡಲ್ಲ ಅನ್ನೋದು ನಮ್ಮಲ್ಲಿ ನಿಯಮ. ಮುಗಿದವರು ಎದ್ದು ಎಲ್ಲರಿಗೂ ಚಹಾ ಮಾಡಬೇಕು, ಲೋಟ ತೊಳೆಯಬೇಕು. ದುಡ್ಡು ಹೋಗದೆ ಇದ್ದರೂ ಮಾನ ಹೋಗುತ್ತೆ. ನಲವತ್ತೈದು ದಾಟಿದ ಗಂಡಸು ಅಡುಗೆಮನೆಯಲ್ಲಿ ಸಕ್ಕರೆ ಡಬ್ಬ ಹುಡುಕುತ್ತಾ ನಿಂತಾಗ ಹೊರಗೆ ಕೇಳುವ ನಗು ಇದೆಯಲ್ಲ, ಅದು ಎಲೆ ಬಿಡೋದನ್ನು ಕಲಿಸುತ್ತೆ.

ಎರಡನೆಯದು, ಮನೆಯಲ್ಲಿ ಆಟ ನಿಲ್ಲಿಸಿ ಲೆಕ್ಕ ಹಾಕಬಹುದು. ಒಂದು ಕೈ ನನಗೆ ಚೆನ್ನಾಗಿ ನೆನಪಿದೆ. ನನ್ನ ಹತ್ತಿರ ಆಠೀನ್ 8, ಆಠೀನ್ 7. ಫ್ಲಾಪಿಗೆ ಆಠೀನ್ 9, ಆಠೀನ್ 4, ಕಳಾವರ್ ರಾಣಿ. ನಾಲ್ಕು ಆಠೀನ್ ಆಯಿತು, ಇನ್ನೊಂದು ಬಿದ್ದರೆ ಬಣ್ಣ. ಟರ್ನಿಗೆ ಇಸ್ಪೀಟು 2, ಪ್ರಯೋಜನ ಇಲ್ಲ. ಮಧ್ಯದಲ್ಲಿ 60 ಬೀಜ. ಅಳಿಯ 30 ಹಾಕಿದ. ನಾನು ಹಿಂದೆಮುಂದೆ ನೋಡದೆ 30 ಹಾಕಿದೆ. ರಿವರಿಗೆ ಡೈಮನ್ 5. ಮುಗೀತು.

ಅವನು ಮದುವೆ ಕರೆಯೋಲೆಯ ಕವರ್ ತಿರುಗಿಸಿ ಬರೆದು ತೋರಿಸಿದ. ಕಾಣದ ಎಲೆ 46. ಅದರಲ್ಲಿ ಆಠೀನ್ 9. ಅಂದರೆ ಬಣ್ಣ ಆಗುವ ಸಾಧ್ಯತೆ ನೂರಕ್ಕೆ ಇಪ್ಪತ್ತಕ್ಕಿಂತ ಒಂಚೂರು ಕಡಿಮೆ. ನಾನು ಹಾಕಬೇಕಿದ್ದು 30, ಹಾಕಿದ ಮೇಲೆ ಗುಡ್ಡೆ 120. ನನ್ನ ಪಾಲು ಕಾಲು ಭಾಗ. ಹಾಕಿದ್ದು ಗಿಟ್ಟಬೇಕಾದರೆ ನೂರಕ್ಕೆ ಇಪ್ಪತ್ತೈದು ಸಲ ಗೆಲ್ಲಬೇಕು. ಇಪ್ಪತ್ತಕ್ಕೆ ಇಪ್ಪತ್ತೈದರ ಬೆಲೆ ಕೊಟ್ಟೆ. "ಸಂತೆಯಲ್ಲಿ ಟೊಮೆಟೊಗೆ ಹೀಗೆ ಕೊಡ್ತೀರಾ ಮಾಮ?" ಅಂದ. ಕೊಡಲ್ಲ. ಬಣ್ಣ ಆದ ಮೇಲೆ ಅವನಿಂದ ಇನ್ನಷ್ಟು ಕೀಳಬಹುದಿತ್ತಲ್ಲ ಅಂತ ವಾದ ಮಾಡಿದೆ. ಅದೂ ಲೆಕ್ಕಕ್ಕೆ ಬರುತ್ತೆ ಅಂತ ಅವನೇ ಒಪ್ಪಿದ. ಆದರೆ ಅವನ ಹತ್ತಿರ ಉಳಿದಿದ್ದೇ ಹತ್ತು ಬೀಜ. ಬಣ್ಣ ಕೂಡಿದ ಸಲವೆಲ್ಲ ಆ ಹತ್ತೂ ಬಂದರೂ ಗಿಟ್ಟುತ್ತಿರಲಿಲ್ಲ.

ಈ ಪಾಠವನ್ನು ಆ್ಯಪ್ ಕಲಿಸಲ್ಲ. ಕ್ಯಾಸಿನೊ ಕಲಿಸುತ್ತೆ, ಬಿಲ್ಲಿನ ಸಮೇತ.

ಮನೆ ಆಟಕ್ಕೂ ಕೊರತೆ ಇದೆ. ಅದೇ ನಾಲ್ಕು ಜನ, ಅದೇ ಅಭ್ಯಾಸ. ಆರು ತಿಂಗಳಲ್ಲಿ ಅಮ್ಮ ಬೀಜ ಹಾಕಿದರೆ ಒಳ್ಳೆ ಎಲೆ ಇದೆ ಅಂತ ಎಲ್ಲರಿಗೂ ಗೊತ್ತು. ಅದು ಅಮ್ಮನನ್ನು ಓದೋದಾಯಿತು, ಪೋಕರ್ ಕಲಿತ ಹಾಗಾಗಲ್ಲ. ಆಗಾಗ ಪಕ್ಕದ ಮನೆಯವರನ್ನೋ ಆಫೀಸಿನವರನ್ನೋ ಕರೆಯಬೇಕು. ಕರೆದಾಗ ದುಡ್ಡು ಇಡೋಣ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಬೇಡ ಅನ್ನಿ. ದುಡ್ಡು ಬಂದು, ಆಟ ಆಡಿಸುವವರು ಕಮಿಷನ್ ತೆಗೆಯೋಕೆ ಶುರುವಾದರೆ ಅದು ಜೂಜಿನ ಅಡ್ಡೆ. ಪೊಲೀಸರು ಬಾಗಿಲು ತಟ್ಟಿದಾಗ ಪೋಕರ್ ಚಾತುರ್ಯದ ಆಟ ಅಂತ ಭಾಷಣ ಮಾಡುವ ಸ್ಥಿತಿ ಯಾರಿಗೂ ಬೇಡ.

ಬಿಡಿ ಆಟವೋ, ಟೂರ್ನಮೆಂಟೋ

2003ರಲ್ಲಿ ಅಮೆರಿಕದ ಟೆನೆಸಿಯ ಕ್ರಿಸ್ ಮನಿಮೇಕರ್ ಅನ್ನುವ ಅಕೌಂಟೆಂಟ್ 86 ಡಾಲರಿನ ಆನ್‌ಲೈನ್ ಸ್ಪರ್ಧೆ ಆಡಿ, ಅದರಿಂದ 10,000 ಡಾಲರ್ ಪ್ರವೇಶದ, ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಟೂರ್ನಮೆಂಟಾದ ಮೇನ್ ಇವೆಂಟಿಗೆ ಹೋಗಿ, ಗೆದ್ದು 25 ಲಕ್ಷ ಡಾಲರ್ ತಂದ. ಹೆಸರೇ ದುಡ್ಡು ಮಾಡುವವ, ಅದೂ ನಿಜವಾದ ಹೆಸರು. ಅಲ್ಲಿಂದ ಲೋಕಕ್ಕೆಲ್ಲ ಟೂರ್ನಮೆಂಟಿನ ಹುಚ್ಚು ಹಿಡಿಯಿತು. ಆ ಸಲ ಕೂತವರು 839 ಜನ. ಉಳಿದ 838 ಜನರ ಕತೆಯನ್ನು ಯಾರೂ ಹೇಳಲ್ಲ.

ಟೂರ್ನಮೆಂಟಿನಲ್ಲಿ ಎಲ್ಲರಿಗೂ ಸಮ ಚಿಪ್ಸ್. ಕಡ್ಡಾಯವಾಗಿ ಹಾಕಬೇಕಾದ ಬ್ಲೈಂಡ್ ಹೊತ್ತು ಹೋದ ಹಾಗೆ ಏರುತ್ತೆ. ಕೊನೆಗೆ ಉಳಿದವರು ಗೆದ್ದರು. ನಷ್ಟ ಎಷ್ಟು ಅಂತ ಮೊದಲೇ ಗೊತ್ತಿರೋದು ಇದರ ಗುಣ. ಆದರೆ ಬ್ಲೈಂಡ್ ಏರಿದ ಮೇಲೆ ಒಳ್ಳೆ ಎಲೆಗೆ ಕಾಯುತ್ತಾ ಕೂರೋಕೆ ಆಗಲ್ಲ, ಅರೆಬರೆ ಎಲೆಗೇ ಎಲ್ಲವನ್ನೂ ತಳ್ಳಬೇಕಾಗುತ್ತೆ. ಬಿಡೋದನ್ನು ಕಲಿಯಬೇಕಾದವರಿಗೆ ಇದು ತಪ್ಪು ಶಾಲೆ. ಬಿಡಿ ಆಟದಲ್ಲಿ, ಅಂದರೆ ಟೂರ್ನಮೆಂಟ್ ಅಲ್ಲದ ಮಾಮೂಲಿ ಆಟದಲ್ಲಿ, ಬ್ಲೈಂಡ್ ಕದಲಲ್ಲ. ನೂರು ಬೀಜಕ್ಕೆ ಬ್ಲೈಂಡ್ ಅರ್ಧ, ಒಂದು ಅಂತ ಇಟ್ಟರೆ ಕಾಯೋಕೆ ಬೇಕಾದಷ್ಟು ಹೊತ್ತು ಸಿಗುತ್ತೆ. ಅರ್ಧ ಬೀಜ ಎಲ್ಲಿಂದ ತರೋದು ಅಂತ ನಾವು ಅರ್ಧಕ್ಕೆ ಕಡಲೆಕಾಳು ಇಟ್ಟೆವು. ಭಾವ ಅದನ್ನು ತಿಂದುಹಾಕಿದರು. ಈಗ ಇನ್ನೂರು ಬೀಜ, ಒಂದು-ಎರಡು ಬ್ಲೈಂಡ್. ಆರು ತಿಂಗಳು ಬಿಡಿ ಆಟ, ಆಮೇಲೆ ಹಬ್ಬಕ್ಕೊಂದು ಟೂರ್ನಮೆಂಟ್.

ಓದೋದು, ನೋಡೋದು

ಟಿವಿ, ಯೂಟ್ಯೂಬಿನ ಪೋಕರ್ ನೋಡೋಕೆ ಮಜಾ, ಕಲಿಯೋಕೆ ಅಲ್ಲ. ಬರೀ ಎಲೆ ಬಿಟ್ಟ ಕೈಗಳನ್ನೆಲ್ಲ ಕತ್ತರಿಸಿ, ದೊಡ್ಡ ಬ್ಲಫ್, ದೊಡ್ಡ ಗುಡ್ಡೆ ಮಾತ್ರ ಇಟ್ಟಿರುತ್ತಾರೆ. ಪೂರ್ತಿ ಆಟ ನೇರವಾಗಿ ತೋರಿಸುವ ಪ್ರಸಾರ ಸಿಕ್ಕಿದರೆ ಒಂದು ಗಂಟೆ ನೋಡಿ. ದೊಡ್ಡ ಆಟಗಾರರು ಎಷ್ಟು ಹೊತ್ತು ಸುಮ್ಮನೆ ಕೂತಿರುತ್ತಾರೆ ಅಂತ ಗೊತ್ತಾಗುತ್ತೆ.

ಇಂಗ್ಲಿಷ್ ಪಾಠ ತೊಂದರೆ ಇಲ್ಲ ಅನ್ನುವವರಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ 2015ರಲ್ಲಿ ನಡೆಸಿದ ಪೋಕರ್ ಕೋರ್ಸಿನ ವಿಡಿಯೊಗಳು ಅದರ ಓಪನ್‌ಕೋರ್ಸ್‌ವೇರ್ ತಾಣದಲ್ಲಿ ಪುಕ್ಕಟೆ ಇವೆ. ದುಡ್ಡು ಕೊಟ್ಟು ಸೇರುವ ಕೋಚಿಂಗಿಗೆ ಮೊದಲು ಅದನ್ನು ನೋಡಿ. ಸಾಲ್ವರ್ ಅನ್ನುವ ಸಾಫ್ಟ್‌ವೇರ್‌ಗಳೂ ಇವೆ, ಯಾವ ಎಲೆಗೆ ಎಷ್ಟು ಸಲ ಏನು ಮಾಡಬೇಕು ಅಂತ ಲೆಕ್ಕ ಕಟ್ಟಿ ಕೊಡುತ್ತವೆ. 2019ರಲ್ಲಿ ಪ್ಲೂರಿಬಸ್ ಅನ್ನುವ ಪ್ರೋಗ್ರಾಮ್ ಆರು ಜನರ ಮೇಜಿನಲ್ಲಿ ನುರಿತ ಆಟಗಾರರನ್ನೇ ಸೋಲಿಸಿದೆ. ಹೊಸಬರಿಗೆ ಅದೆಲ್ಲ ಬೇಡ. ಇನ್ನೂ ಕೂಡುವ ಲೆಕ್ಕ ಬಾರದವರಿಗೆ ಕ್ಯಾಲ್ಕ್ಯುಲೇಟರ್ ಕೊಟ್ಟ ಹಾಗೆ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದು ಪುಟ್ಟ ಲೆಕ್ಕ. ನಿಮಗೆ ಬೇಕಾದ ಎಲೆ ಎಷ್ಟಿವೆ ಎಣಿಸಿ. ಎರಡು ಎಲೆ ಬರೋದು ಬಾಕಿ ಇದ್ದರೆ ನಾಲ್ಕರಿಂದ, ಒಂದೇ ಬಾಕಿ ಇದ್ದರೆ ಎರಡರಿಂದ ಗುಣಿಸಿ. ನೂರಕ್ಕೆ ಎಷ್ಟು ಅಂತ ಹತ್ತಿರ ಹತ್ತಿರ ಸಿಗುತ್ತೆ. ಒಂಬತ್ತು ಆಠೀನ್‌ಗೆ 36 ಮತ್ತು 18. ನಿಜವಾದ ಲೆಕ್ಕ 35 ಮತ್ತು ಸುಮಾರು 20. ಜಮಖಾನದ ಮೇಲೆ ಇಷ್ಟು ಸಾಕು. ಜೊತೆಗೆ ಒಂದು ನೋಟ್‌ಬುಕ್ ಇಡಿ. ಗೆದ್ದದ್ದು ಬರೆಯಬೇಡಿ, ಅದು ಹೇಗೂ ನೆನಪಿರುತ್ತೆ. ಬಿಡಬೇಕಿತ್ತು, ಬಿಡಲಿಲ್ಲ ಅನ್ನುವ ಕೈಗಳನ್ನು ಮಾತ್ರ ಬರೆಯಿರಿ. ನನ್ನದು ಎರಡನೇ ಪುಸ್ತಕ ನಡೀತಿದೆ.

ಹೋದ ದೀಪಾವಳಿಗೆ ನನಗೆ ರಾಣಿ ಜೋಡಿ ಬಂತು. ಫ್ಲಾಪಿಗೆ ಒಂದು ರಾಜ. ರಿವರಿನವರೆಗೂ ಅಮ್ಮ, ನಾನು ಇಬ್ಬರೇ. ಅಮ್ಮ ಎಲೆ ಅಡಿಕೆ ಜಗಿಯುತ್ತಾ ನಲವತ್ತು ಬೀಜ ಎಣಿಸಿ ಮುಂದಿಟ್ಟರು. ತುಂಬ ಹೊತ್ತು ಯೋಚಿಸಿ ಎಲೆ ಬಿಟ್ಟೆ. ಅವರ ಕೈಯಲ್ಲಿ ರಾಜ ಇತ್ತಾ ಅಂತ ಕೇಳಿದರೆ, ಎರಡೂ ಎಲೆಯನ್ನು ಕಟ್ಟಿನ ಒಳಗೆ ತೂರಿಸಿ ಅಮ್ಮ ಅಂದರು: "ನೋಡಬೇಕಿದ್ರೆ ಬೀಜ ಹಾಕ್ಬೇಕಿತ್ತು."